ಹಳೆ ಪಾಕೆಟ್ ವಾಚ್ ಇದೆಯಾ? ಚಿಕ್ಕಮಗಳೂರಿನ ಈ ಅಂಗಡಿಗೆ ತನ್ನಿ

ಎಂ.ಜಿ. ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯಲ್ಲಿದೆ ಈ ಅಂಗಡಿ. ಬೋರ್ಡಿನ ಮೇಲೆ ಬರೀ ‘ವಾಚ್ ರಿಪೇರಿ’ ಅಂತಿದೆ. ಹೊರಗಿಂದ ನೋಡಿದರೆ ಸೆಲ್ಲು, ಬೆಲ್ಟು ಹಾಕಿಕೊಡುವ ಜಾಗ ಅನ್ನಿಸುತ್ತೆ. ಆದರೆ ಕೀ ಕೊಡುವ ಹಳೆ ಪಾಕೆಟ್ ವಾಚನ್ನು ನಂಬಿ ಕೊಡಬಹುದಾದ ಕೈ ನನಗೆ ಗೊತ್ತಿರುವ ಮಟ್ಟಿಗೆ ಈ ಕಡೆ ಇದೊಂದೇ.

ನಾನು ಕೊಟ್ಟಿದ್ದು ಅಮೆರಿಕದ ವಾಲ್ತಮ್ ಕಂಪನಿಯ ಒಂದು ವಾಚು. ಮೂಡಿಗೆರೆ ಕಡೆಯ ಎಸ್ಟೇಟ್ ಬಂಗಲೆಯೊಂದರ ಹಳೆ ಸಾಮಾನು ಮಾರುವಾಗ ಸಿಕ್ಕಿದ್ದು. ಬೆಳ್ಳಿ ಕೇಸು, ಬಿಳಿ ಎನಾಮಲ್ ಡಯಲ್, ಆರರ ಜಾಗದಲ್ಲಿ ಸೆಕೆಂಡಿನ ಪುಟ್ಟ ಮುಳ್ಳು. ಎಷ್ಟು ಕೀ ಕೊಟ್ಟರೂ ಬಿಗಿಯಾಗುತ್ತಿರಲಿಲ್ಲ.

ಯಜಮಾನರು ಮೊದಲು ರೇಟಿನ ಮಾತೆತ್ತಲಿಲ್ಲ. ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಸುಮಾರು ಹೊತ್ತು ಸುಮ್ನೆ ನೋಡಿದರು. ಆಮೇಲೆ ಲೆನ್ಸು ನನ್ನ ಕೈಗಿಟ್ಟು, “ನೀವೇ ಓದಿ ಮೇಡಂ” ಅಂದರು. ಮುಚ್ಚಳದ ಒಳಗೆ ಅಕ್ಕಿಕಾಳಿಗಿಂತ ಚಿಕ್ಕ ಮುದ್ರೆಗಳು. ನಡೆಯುತ್ತಿರುವ ಸಿಂಹ ಇದ್ದರೆ ನೂರಕ್ಕೆ 92.5 ಭಾಗ ಬೆಳ್ಳಿ. ಲಂಗರು ಇದ್ದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳ್ಳಿಯ ಪರೀಕ್ಷೆ ಆದದ್ದು. ಪಕ್ಕದಲ್ಲಿದ್ದ ಇಂಗ್ಲಿಷಿನ ಸಣ್ಣ ‘ಇ’ ಅಕ್ಷರ 1904ರ ಗುರುತು.

ಅಮೆರಿಕದ ವಾಚಿಗೆ ಇಂಗ್ಲೆಂಡಿನ ಕೇಸು ಹೇಗೆ ಬಂತು? ಅದಕ್ಕೆ ಉತ್ತರ ಅಲ್ಲೇ ಇದ್ದ ‘ಎ.ಎಲ್.ಡಿ.’ ಮುದ್ರೆಯಲ್ಲಿತ್ತು. ವಾಲ್ತಮ್ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಆರನ್ ಲಫ್ಕಿನ್ ಡೆನಿಸನ್ ಮುಂದೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ವಾಚಿನ ಕೇಸು ಮಾಡಿಸತೊಡಗಿದ. ಅಮೆರಿಕದಿಂದ ಬಂದ ವಾಚಿನ ಒಳಗಿನ ಯಂತ್ರಗಳು ಅಲ್ಲಿ ಬೆಳ್ಳಿ ಕೇಸಿನೊಳಗೆ ಕೂತು ಮಾರಾಟಕ್ಕೆ ಹೋಗುತ್ತಿದ್ದವು. ವಯಸ್ಸು ಹುಡುಕುವವರು ಇದೊಂದು ನೆನಪಿಡಿ: ವಾಲ್ತಮ್ ತಯಾರಾದ ವರ್ಷ ಗೊತ್ತಾಗುವುದು ಯಂತ್ರದ ಮೇಲಿನ ಸೀರಿಯಲ್ ನಂಬರಿನಿಂದ. ಕೇಸಿನ ನಂಬರೇ ಬೇರೆ. ನನ್ನದರಲ್ಲಿ ಯಂತ್ರದ ನಂಬರು ಕೂಡ 1904ರ ಆಸುಪಾಸಿಗೇ ಬಂತು. ಅಂದರೆ ಯಾವುದೋ ಯಂತ್ರವನ್ನು ಯಾವುದೋ ಕೇಸಿಗೆ ತುರುಕಿದ್ದಲ್ಲ. ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಕೀ ಕೊಟ್ಟಾಗ ಬಿಗಿಯಾಗಿ ವಾಚನ್ನು ನಡೆಸುವ ಮೇನ್ ಸ್ಪ್ರಿಂಗ್ ಮುರಿದಿತ್ತು. ಸ್ಪ್ರಿಂಗ್ ಮುರಿದಾಗ ಅದರ ಬಲವೆಲ್ಲ ಉಲ್ಟಾ ಹೊಡೆದು ಚಕ್ರದ ಹಲ್ಲು ಉದುರುವುದುಂಟು. ಆದರೆ ವಾಲ್ತಮ್‌ನಲ್ಲಿ ನಡುವಿನ ಚಕ್ರದ ಪಿನಿಯನ್ (ಅದರ ಅಚ್ಚಿನ ಮೇಲಿನ ಪುಟ್ಟ ಹಲ್ಲುಚಕ್ರ) ಆ ಏಟಿಗೆ ತಾನೇ ತಿರುಪು ಬಿಚ್ಚಿಕೊಂಡು ಉಳಿದದ್ದನ್ನು ಕಾಪಾಡುತ್ತೆ. ಸಡಿಲವಾಗಿದ್ದ ಆ ಪಿನಿಯನ್ನನ್ನು ಚಿಮಟದ ತುದಿಯಲ್ಲಿ ತೋರಿಸಿದರು. ಎಲ್ಲ ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಹೊಸ ಸ್ಪ್ರಿಂಗ್ ಕೂರಿಸಿದ್ದಕ್ಕೆ ತೆಗೆದುಕೊಂಡಿದ್ದು 2,800 ರೂಪಾಯಿ. ಆ ಕೆಲಸಕ್ಕೆ ಇದು ಜಾಸ್ತಿ ಅಲ್ಲವೇ ಅಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರು ಮಾಡದೆ ಬಿಟ್ಟ ಕೆಲಸ. ಕೇಸಿಗೆ ಪಾಲಿಶ್ ಹಾಕಲಿಲ್ಲ. ಡಯಲ್ಲಿನ ಕೂದಲೆಳೆ ಬಿರುಕು ಮುಚ್ಚಲು ಹೋಗಲಿಲ್ಲ. ಹಿಂದೆ ಬೇರೆ ಊರಿನ ಅಂಗಡಿಯೊಂದರಲ್ಲಿ ನನ್ನ ಇನ್ನೊಂದು ವಾಚಿಗೆ ಕೇಳದೆಯೇ ಬಫ್ ಹೊಡೆದು ಮುದ್ರೆಗಳನ್ನೆಲ್ಲ ಸವೆಸಿಬಿಟ್ಟಿದ್ದರು. ಫಳಫಳ ಹೊಳೆಯುತ್ತೆ, ಆದರೆ ಯಾವ ಊರಿನದು, ಯಾವ ವರ್ಷದ್ದು ಅಂತ ಇನ್ನು ಯಾರೂ ಓದಲಾರರು. ಆ ಸಂಕಟ ಇನ್ನೂ ಹೋಗಿಲ್ಲ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಸಿಗುವುದಿಲ್ಲ, ನನಗೆ ತಿಂಗಳ ಮೇಲಾಯ್ತು. ಫೋನ್ ಎತ್ತುವುದು ಅಪರೂಪ. ರಸೀದಿ ಅಂದರೆ ಒಂದು ಚೀಟಿ, ಅಷ್ಟೇ. ಅದಕ್ಕೇ ಕೊಡುವ ಮುಂಚೆ ಯಂತ್ರದ ನಂಬರು ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಕಾರು ನಿಲ್ಲಿಸಲು ಜಾಗ ಇಲ್ಲ.

ವಾಪಸ್ ಕೊಡುವಾಗ ಹೇಳಿದ್ದು: ಪಾಕೆಟ್ ವಾಚು ಜೇಬಲ್ಲಿ ನಿಂತೇ ಇರುತ್ತೆ, ರಾತ್ರಿ ಮೇಜಿನ ಮೇಲೆ ಮಲಗಿಸಿದರೆ ನಡಿಗೆ ಸ್ವಲ್ಪ ಬದಲಾಗುತ್ತೆ. ಹಾಗಾಗಿ ಮೊಳೆಗೆ ನೇತುಹಾಕಿ. ಸ್ಪೀಕರ್ ಹತ್ತಿರ ಇಡಬೇಡಿ, ಅಯಸ್ಕಾಂತ ಹಿಡಿದರೆ ವಾಚಿನ ವೇಗ ಹಿಡಿದಿಡುವ ಹೇರ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ತೀರಾ ಜೋರಾಗಿ ಮುಂದೆ ಓಡೋಕೆ ಶುರುಮಾಡುತ್ತೆ. ನಮ್ಮ ಮಳೆಗಾಲದ ಥಂಡಿಗೆ ಉಕ್ಕಿನ ಭಾಗಗಳು ಬೇಗ ತುಕ್ಕು ಹಿಡಿಯುತ್ತವೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಭಾನುವಾರ ರಜೆ. ಬೆಳಿಗ್ಗೆ ಹೊತ್ತೇ ಹೋಗಿ, ಮಧ್ಯಾಹ್ನದ ಮೇಲೆ ಸೆಲ್ ಹಾಕಿಸುವವರ ಗಲಾಟೆಯಲ್ಲಿ ಅವರಿಗೆ ಮಾತಾಡಲು ಪುರುಸೊತ್ತಿರಲ್ಲ.