ಬಾರ್ಬಡೋಸ್ ಗೆಸ್ಟ್‌ಹೌಸ್: ಒಡತಿಗೆ ಐದು ಸ್ಟಾರ್, ಲಾಕರ್‌ಗೆ ಒಂದು

ಓಯ್ಸ್ಟಿನ್ಸ್ ಎಂಬ ಕರಾವಳಿ ಊರಿನ ಹತ್ತಿರ ಆರು ರಾತ್ರಿ ಇದ್ದೆವು. ರೂಮು ಸಾಧಾರಣ, ಫ್ಯಾನಿನದು ಗಡಗಡ ಸದ್ದು. ಆದರೆ ಮನೆಯೊಡತಿಯ ಮಾತಿಗೇ ಕೊಟ್ಟ ದುಡ್ಡು ವಸೂಲು.

ಹೋದ ಕೂಡಲೇ ಮಗನ ಮಿಲಿಟರಿ ಡಿಸೈನಿನ ಚಡ್ಡಿ ಬಿಚ್ಚಿಸಿದರು! ಅಲ್ಲಿ ಸಾಮಾನ್ಯ ಜನ, ಮಕ್ಕಳು ಕೂಡ, ಅಂಥ ಬಟ್ಟೆ ತೊಡುವುದು ಅಪರಾಧವಂತೆ. ಆಮೇಲೆ ಬೀಚಿಗೆ ಕರೆದೊಯ್ದು ಮ್ಯಾಂಚಿನೀಲ್ ಮರ ತೋರಿಸಿದರು. ಪುಟ್ಟ ಹಸಿರು ಸೇಬಿನಂಥ ಹಣ್ಣು, ನೋಡಿದರೆ ಬಾಯಿಗೆ ಹಾಕಿಕೊಳ್ಳೋಣ ಅನ್ನಿಸುತ್ತದೆ, ಪೂರಾ ವಿಷ. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ, ಮಳೆ ಬಂದರೂ ಅಡಿಯಲ್ಲಿ ನಿಲ್ಲಬಾರದು. ಕೆಲವು ಕಾಂಡಗಳಿಗೆ ಕೆಂಪು ಪಟ್ಟಿ ಬಳಿದಿದ್ದರು, ಎಲ್ಲದಕ್ಕೂ ಇರಲಿಲ್ಲ.

ಟ್ಯಾಕ್ಸಿಗೆ ಮೀಟರ್ ಇಲ್ಲ. ನಂಬರ್ ಪ್ಲೇಟ್ 'ಝಡ್' ಅಕ್ಷರದಿಂದ ಶುರುವಾಗಿದೆಯಾ ನೋಡಿ, ಹತ್ತುವ ಮೊದಲೇ ರೇಟು ಮಾತಾಡಿ, ಅದೂ ಬಾರ್ಬಡೋಸ್ ಡಾಲರೋ ಅಮೆರಿಕದ್ದೋ ಕೇಳಿ. ಅಮೆರಿಕದ ಒಂದಕ್ಕೆ ಅಲ್ಲಿಯ ಎರಡು! ಬಾತ್‌ಶೀಬಾ ಬೀಚಿನಲ್ಲಿ ನೀರಿನ ಸೆಳೆತ ಜೋರು, ಇಳಿಯಬೇಡಿ, ಫೋಟೋ ಸಾಕು. ಪೊಲೀಸರಿಗೆ 211, ಆಂಬುಲೆನ್ಸ್‌ಗೆ 511 ಅಂತ ಫ್ರಿಡ್ಜ್ ಮೇಲೇ ಅಂಟಿಸಿದ್ದರು.

ಲಾಕರ್ ಮಾತ್ರ ಮೊದಲ ದಿನವೇ ಕೆಟ್ಟಿತ್ತು. ಆರು ದಿನವೂ ಪಾಸ್‌ಪೋರ್ಟ್ ಕಾದದ್ದು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬ.