ನೆತ್ತಿ ಮೇಲೆ ಒಂದು ಹನಿ ಇರಲಿಲ್ಲ, ಹಳ್ಳ ಬಂತು

ದಸರಾ ರಜೆಯಲ್ಲಿ ಕುದುರೆಮುಖದ ಕಡೆ ಕ್ಯಾಂಪಿಂಗ್ ಹೋಗಿದ್ದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ನಮ್ಮತ್ತೆ. ಐದೂ ಜನ ವಾಪಸ್ ಶಿವಮೊಗ್ಗಕ್ಕೆ ಬಂದಿದ್ದೇವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿಗೆ ಹೊರಟವರಿದ್ದರೆ ಪೂರ್ತಿ ಓದಿ.

"ನ್ಯಾಷನಲ್ ಪಾರ್ಕ್ ಒಳಗೇ ಸಾರ್, ಹಳ್ಳದ ಪಕ್ಕ ಟೆಂಟು, ಪರ್ಮಿಷನ್ ಎಲ್ಲಾ ನಾವೇ ನೋಡ್ಕೋತೀವಿ" ಅಂದಿದ್ದರು ಟೆಂಟು ಬುಕ್ ಮಾಡಿಕೊಳ್ಳುವವರು, ಫೋನಿನಲ್ಲಿ. ತಲೆಗೆ 1,800 ರೂಪಾಯಿ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ. ನನಗೂ ಗೊತ್ತಿತ್ತು. ಆದರೂ ಒಪ್ಪಿಗೆ ಪತ್ರ ತೋರಿಸಿ ಅಂತ ಕೇಳಲಿಲ್ಲ. ಅವರು ಹಾಕಿದ್ದ ಫೋಟೋ ಅಷ್ಟು ಚೆನ್ನಾಗಿತ್ತು!

ಭದ್ರೆಗೆ ಸೇರುವ ಸಣ್ಣ ಹಳ್ಳ. ಮೊಣಕಾಲುದ್ದ ನೀರು, ತಳದ ಕಲ್ಲು ಎಣಿಸಬಹುದು. ಕಾರನ್ನು ಆಚೆ ದಡದಲ್ಲಿ ಬಿಟ್ಟು ದಾಟಿ ಬಂದರೆ ಚಾಪೆ ಹಾಸಿದ ಹಾಗೆ ಮರಳು. ಅಲ್ಲೇ ಟೆಂಟು. ಹಿಂದೆ ಒಂದು ವಾಟೆ ಮಟ್ಟಿ, ಅಂದರೆ ಸಣ್ಣ ಬಿದಿರಿನ ಪೊದೆ. ಅದರಲ್ಲಿ ನನ್ನ ಎದೆಮಟ್ಟಕ್ಕೆ ಒಣ ಕಸಕಡ್ಡಿ, ಒಂದು ಹರಿದ ಸಿಮೆಂಟ್ ಚೀಲ ಸಿಕ್ಕಿಕೊಂಡಿತ್ತು. ಯಾರೋ ಎಸೆದಿದ್ದಾರೆ ಅಂದುಕೊಂಡೆ. ಮಗಳು ಅದರ ಪಕ್ಕದಲ್ಲೇ ಟವೆಲ್ ಒಣಹಾಕಿದಳು. ಹಳ್ಳ ಎಲ್ಲಿವರೆಗೆ ಏರುತ್ತದೆ ಅಂತ ತಾನೇ ಗುರುತು ಹಾಕಿಟ್ಟಿತ್ತು. ಓದಲು ಬರಲಿಲ್ಲ ಅಷ್ಟೇ.

ಸಂಜೆ ತೋಟದಿಂದ ಮನೆಗೆ ಹೋಗುತ್ತಿದ್ದ ಅಜ್ಜಯ್ಯ ಒಬ್ಬರು ನಿಂತು ನೋಡಿದರು. "ಮೇಲೆ ಗುಡುಗ್ತಾ ಇದೆ ಮಾರಾಯ್ರೆ. ಹಳ್ಳ ಬಂದ್ರೆ ಎಂತ ಮಾಡ್ತೀರಿ?" ಟೆಂಟಿನ ಹುಡುಗ ನಕ್ಕ. "ಅವರು ದಿನಾ ಹಾಗೇ ಹೇಳೋದು ಸಾರ್." ನಮ್ಮ ತಲೆ ಮೇಲೆ ನಕ್ಷತ್ರ ಕಾಣುತ್ತಿತ್ತು. ನಾನೂ ನಕ್ಕೆ.

ಅಕ್ಟೋಬರಿನ ಚಿತ್ತೆ ಮಳೆಯನ್ನು ಕುರುಡು ಚಿತ್ತೆ ಅಂತ ಸುಮ್ನೆ ಅನ್ನುವುದಿಲ್ಲ. ಇಲ್ಲಿ ಸುರಿದರೆ ಪಕ್ಕದ ಗುಡ್ಡದಲ್ಲಿ ಒಣ. ಆ ರಾತ್ರಿ ಅದು ಘಟ್ಟದ ತುದಿಯಲ್ಲಿ ಸುರಿಯಿತು. ಕಡಿದಾದ ಗುಡ್ಡದ ನೀರೆಲ್ಲಾ ಒಂದೇ ಸಲ ಹಳ್ಳಕ್ಕೆ ಇಳಿಯುತ್ತದೆ, ಕೆಳಗಿದ್ದವರಿಗೆ ಮಳೆಯ ಸುಳಿವೇ ಇರುವುದಿಲ್ಲ.

ಊಟ ಮುಗಿಸಿ ಪಾತ್ರೆ ತೊಳೆಯಲು ಹೋದ ಅತ್ತೆ ಬರಿಗೈಯಲ್ಲಿ ಬಂದರು. "ಅಳಿಯಂದಿರೇ, ನೀರು ಬಗ್ಗಡ ಆಗಿದೆ. ನಾನು ಕೂತಿದ್ದ ಕಲ್ಲು ಕಾಣ್ತಾ ಇಲ್ಲ." ಟಾರ್ಚ್ ಹಾಕಿದೆ. ತರಗೆಲೆ, ಕಡ್ಡಿ, ನೊರೆ. ಸದ್ದೂ ಬೇರೆ. ಜುಳುಜುಳು ಹೋಗಿ ನೀರಿನ ಅಡಿಯಲ್ಲಿ ಕಲ್ಲು ಉರುಳುವ ಗುಡುಗುಡು. ಹೆಂಡತಿ ಟೆಂಟಿಗೆ ಕೈ ಹಾಕಲೂ ಬಿಡಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಬರಿಗಾಲಲ್ಲಿ ದಿಬ್ಬ ಹತ್ತಿದೆವು. ತಿರುಗಿ ನೋಡುವಷ್ಟರಲ್ಲಿ ಟೆಂಟು ತೇಲುತ್ತಿತ್ತು.

ಕಾರು ಆಚೆ, ಕೀ ನೀರುಪಾಲು. 112ಕ್ಕೆ ಮಾಡೋಣ ಅಂದರೆ ಯಾವ ಸಿಗ್ನಲ್ಲೂ ಇಲ್ಲ. ಹುಡುಗ ದಾಟಿ ಹೋಗ್ತೀನಿ ಅಂತ ಹೊರಟ. ಹೆಂಡತಿ ಅವನ ಅಂಗಿ ಹಿಡಿದು ಎಳೆದು ಕೂರಿಸಿದಳು. ಮೊಣಕಾಲುದ್ದ ಇದ್ದರೂ ಆ ಸೆಳೆತಕ್ಕೆ ಕಾಲು ನಿಲ್ಲುವುದಿಲ್ಲ. ಬೆಳಗಿನವರೆಗೆ ಒದ್ದೆ ಎಲೆಯ ಮೇಲೆ ಕೂತೆವು. ಅತ್ತೆಯ ಕಾಲಲ್ಲೇ ಹದಿಮೂರು ಉಂಬಳ (ಜಿಗಣೆ).

ಬೆಳಿಗ್ಗೆ ನೀರು ಇಳಿದಿತ್ತು, ಏನೂ ಆಗದ ಹಾಗೆ. ಬಂದ ಅರಣ್ಯ ಸಿಬ್ಬಂದಿ ಮೊದಲು ಮಕ್ಕಳಿಗೆ ಬಿಸ್ಕತ್ತು ಕೊಟ್ಟರು, ಆಮೇಲೆ ನನ್ನನ್ನು ಸರಿಯಾಗಿ ಬೈದರು. ಇಲ್ಲಿ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲವಂತೆ.

ಹಾಗಾದರೆ ಬೇಸಿಗೆಗೆ ಹೋಗ್ತೀವಿ ಅನ್ನುವವರಿಗೆ ಒಂದು ಮಾತು. ಆಗ ತರಗೆಲೆಯಲ್ಲಿ ಉಣುಗು (ರಕ್ತ ಹೀರುವ ಸಣ್ಣ ಹುಳ) ಇರುತ್ತದೆ, ಅದು ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಅದು ಮೊದಲು ಕಂಡಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಅಲ್ವಾ. ಮನೆಯವರ ಜೊತೆ ಹೋಗುವುದಾದರೆ ಹೋಂಸ್ಟೇಯ ಜಗಲಿಯೇ ಸಾಕು.

ದುಡ್ಡು ಕೇಳಿದೆ. "ಮಳೆಗೆ ನಾವೇನು ಮಾಡೋದು ಸಾರ್" ಅಂದರು. ಈಗ ದೀಪಾವಳಿಗೆ ಅದೇ ಜಾಗದ ಬುಕಿಂಗ್ ಶುರುವಾಗಿದೆ, ಅದೇ ಹಳೇ ಫೋಟೋ. ದೊಡ್ಡದು ಮಾಡಿ ನೋಡಿ. ಟೆಂಟಿನ ಹಿಂದೆ, ವಾಟೆ ಮಟ್ಟಿಯಲ್ಲಿ, ಸಿಮೆಂಟ್ ಚೀಲ ಕಾಣುತ್ತದೆ.