ಚೀಟಿಯ ಅಡಿ ಏನಿದೆ ಎಂದು ನೋಡದೆ ಸ್ಪ್ರೇ ಡಬ್ಬಿ ಇಳಿಸಿಕೊಳ್ಳಬೇಡಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಸೂಜಿಗೆ ಹೊಡೆಯುವ ಸಿಲಿಕಾನ್ ಸ್ಪ್ರೇ, ಎಣ್ಣೆ ಕಲೆ ತೆಗೆಯುವ ಸ್ಪ್ರೇ ಎಂದು ಕಡಿಮೆ ದರಕ್ಕೆ ಪೆಟ್ಟಿಗೆಗಟ್ಟಲೆ ತಂದು ಇಳಿಸುವ ಮಾರಾಟಗಾರರಲ್ಲಿ ಒಬ್ಬನು ನಮಗೆ ಮೋಸ ಮಾಡಿದ್ದಾನೆ. ಬರೀ ಹಣ ಹೋಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಶೆಡ್ಡಿನಲ್ಲಿ ತಲೆ ತಗ್ಗಿಸಿ ಹೊಲಿಯುತ್ತಿದ್ದ ಹೆಣ್ಣುಮಕ್ಕಳ ಜೀವಕ್ಕೇ ಕುತ್ತು ಬರುವುದಿತ್ತು.

ವ್ಯವಹಾರ ಎಂದಿನಂತೆಯೇ ನಡೆಯಿತು. ಬಂದವನು ಮಾದರಿ ಡಬ್ಬಿ ತೋರಿಸಿದ, ಒಂದು ಪ್ಯಾಂಟಿನ ಕಲೆ ತೆಗೆದು ತೋರಿಸಿದ, ಪೆಟ್ಟಿಗೆಯ ದರ ಹೇಳಿದ, ಬಾಕಿ ಹಣಕ್ಕೆ ಮುಂದಿನ ತಿಂಗಳವರೆಗೆ ಗಡುವು ಕೊಟ್ಟ. ನಮ್ಮಲ್ಲಿ ಇಸ್ತ್ರಿ ಮೇಜುಗಳು ಹೊಲಿಗೆ ಯಂತ್ರಗಳ ಪಕ್ಕದಲ್ಲೇ ಇರುವುದರಿಂದ, ಇದಕ್ಕೆ ಬೆಂಕಿ ಹತ್ತುತ್ತದೆಯೇ ಎಂದು ನಾನು ಸ್ಪಷ್ಟವಾಗಿ ಕೇಳಿದೆ, ಮತ್ತೊಮ್ಮೆಯೂ ಕೇಳಿದೆ. "ಇದು ನೀರಿನ ಮಾಲು ಸಾರ್, ಬೆಂಕಿ ಹತ್ತಂಗಿಲ್ಲ, ಎಲ್ಲಿ ಬೇಕಾದ್ರೂ ಇಡ್ರಿ" ಎಂದ. ಡಬ್ಬಿಗೆ ಅಂಟಿಸಿದ್ದ ಬಿಳಿ ಚೀಟಿಯ ಮೇಲೂ ಬೆಂಕಿ ಹತ್ತುವುದಿಲ್ಲ ಎಂದೇ ಮುದ್ರಿಸಲಾಗಿತ್ತು. ಅವನ ಆಳುಗಳೇ ಪೆಟ್ಟಿಗೆಗಳನ್ನು ಹೊತ್ತು ತಗಡಿನ ಮಾಡಿನ ಅಡಿಯ ಅಟ್ಟಕ್ಕೆ ಏರಿಸಿ ಹೋದರು.

ನಮ್ಮೂರಿನ ಮೇ ತಿಂಗಳು ಹೇಗಿರುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಹೊರಗೆ ನೆರಳಿನಲ್ಲೇ 40 ಡಿಗ್ರಿ ದಾಟಿದಾಗ, ಕಾದ ತಗಡಿಗೆ ಅಂಟಿಕೊಂಡಂತಿರುವ ಅಟ್ಟದಲ್ಲಿ ಎಷ್ಟಿರಬೇಕು! ಒಂದು ಮಧ್ಯಾಹ್ನ ಕರೆಂಟು ಹೋಗಿದ್ದ ಹೊತ್ತಿನಲ್ಲಿ ಅಟ್ಟದ ಮೇಲೆ ಒಂದು ಡಬ್ಬಿ ಸಿಡಿಯಿತು. ಅದರ ತಳ ಕಿತ್ತುಹೋಗಿ, ಡಬ್ಬಿ ಹಲಗೆಗೆ ಬಡಿದು ಕೆಳಗೆ ಹಾರಿ, ನೂಲಿನ ಉಂಡೆ ಎತ್ತಿಡುತ್ತಿದ್ದ ಹುಡುಗನ ಮುಂಗೈ ಸೀಳಿತು. ಕರೆಂಟು ಇಲ್ಲದೆ ಇಸ್ತ್ರಿ ಪೆಟ್ಟಿಗೆಗಳು ತಣ್ಣಗಾಗಿದ್ದವು. ಬೆಂಕಿ ಹತ್ತದೆ ಉಳಿದದ್ದು ಅಷ್ಟರಿಂದಲೇ. ಕರೆಂಟು ಬಂದರೂ ಯಾರೂ ಸ್ವಿಚ್ ಮುಟ್ಟಬಾರದು ಎಂದು ನಮ್ಮ ಕಟಿಂಗ್ ಮಾಸ್ಟರ್ ಕೂಗಿ, ಮೇನ್ ಇಳಿಸಿ, ಎಲ್ಲರನ್ನೂ ಹೊರಗೆ ಕಳುಹಿಸಿದರು. ಅವರಿಗೆ ನಾನು ಎಷ್ಟು ಕೃತಜ್ಞನಾಗಿದ್ದರೂ ಸಾಲದು.

ಸಂಜೆ ಉಳಿದ ಡಬ್ಬಿಗಳನ್ನು ಕೆಳಗಿಳಿಸಿ ನೋಡುವಾಗ ಒಂದು ಡಬ್ಬಿಯ ಬಿಳಿ ಚೀಟಿಯ ಅಂಚು ಸೆಕೆಗೆ ಎದ್ದಿತ್ತು. ಎಳೆದೆ. ಅಡಿಯಲ್ಲಿ ಕಂಪನಿಯ ಮೂಲ ಮುದ್ರಣವಿತ್ತು: ಜ್ವಾಲೆಯ ಗುರುತು, ಅತಿ ಬೇಗ ಹೊತ್ತಿಕೊಳ್ಳುವ ವಸ್ತು ಎಂಬ ಮಾತು, ಬಿಸಿಲಿಗೆ ಒಡ್ಡಬಾರದು, 50 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಇಡಬಾರದು, ಖಾಲಿಯಾದ ಮೇಲೂ ಚುಚ್ಚಬಾರದು, ಸುಡಬಾರದು ಎಂಬ ಸೂಚನೆ, ಮತ್ತು ಎಂದೋ ಮುಗಿದುಹೋದ ಅವಧಿಯ ದಿನಾಂಕ. ಇನ್ನೊಂದನ್ನು ಎಳೆದೆ, ಅದೂ ಹಾಗೆಯೇ. ಮತ್ತೊಂದು, ಅದೂ ಹಾಗೆಯೇ. ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಹುಡುಗನ ಎದುರಿನಲ್ಲಿ, ಅವನ ತಾಯಿಯ ಎದುರಿನಲ್ಲಿ, ನಾನು ಆ ಚೀಟಿಗಳನ್ನು ಕೀಳುತ್ತ ಕುಳಿತಿದ್ದೆ. ಆ ತಾಯಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಫೋನು ಮಾಡಿದರೆ ಅವನ ಮೊದಲ ಉತ್ತರ, "ಎಲ್ಲಾ ಘಟಕದಾಗೂ ಇದೇ ಮಾಲು ಸಾರ್, ನಿಮ್ಮದೊಂದೇ ಕಂಪ್ಲೇಂಟ್." ಚೀಟಿಯ ಮಾತು ಎತ್ತಿದಾಗ, ಅದು ಗೋದಾಮಿನವರ ಕೆಲಸ ಎಂದ. ನಾನು ಬಿಡಲಿಲ್ಲ. ಆಗ ಅವನು ಆಡಿದ ಮಾತು ಇಂದಿಗೂ ಹೊಟ್ಟೆ ಉರಿಸುತ್ತದೆ: "ಬ್ಯಾಸಿಗ್ಯಾಗ ತಗಡಿನ ಕೆಳಗ ಇಡು ಅಂತ ಯಾರು ಹೇಳಿದ್ರು? ಬಿಸಿಲಾಗ ಇಡಬಾರದು ಅಂತ ಡಬ್ಬಿ ಮೇಲೆ ಬರದೈತಲ್ಲ!" ಯಾವ ಸೂಚನೆಯನ್ನು ಚೀಟಿ ಅಂಟಿಸಿ ಮುಚ್ಚಿದ್ದನೋ ಅದೇ ಸೂಚನೆಯನ್ನು ನನಗೆ ಓದಿ ಹೇಳಿದ. ಎಲ್ಲಿ ಬೇಕಾದರೂ ಇಡಿ ಎಂದವನೂ ಅವನೇ, ಅಟ್ಟಕ್ಕೆ ಏರಿಸಿದವರೂ ಅವನ ಆಳುಗಳೇ. ಅದಾದ ಮೇಲೆ ಅವನು ಫೋನು ಎತ್ತಿಲ್ಲ.

ಅವನು ಮುಚ್ಚಿಟ್ಟ ವಿಷಯ ಇದು. ಇಂತಹ ಡಬ್ಬಿಗಳಲ್ಲಿ ದ್ರವವನ್ನು ಹೊರಗೆ ತಳ್ಳಲು ಸಾಮಾನ್ಯವಾಗಿ ಪ್ರೋಪೇನ್, ಬ್ಯೂಟೇನ್, ಅಂದರೆ ಅಡುಗೆ ಅನಿಲದ ಜಾತಿಯ ಅನಿಲವನ್ನೇ ತುಂಬಿರುತ್ತಾರೆ. ಒಳಗಿನ ದ್ರವ ನೀರಿನದ್ದೇ ಆಗಿದ್ದರೂ ತಳ್ಳುವ ಅನಿಲ ಹೊತ್ತಿಕೊಳ್ಳಬಹುದು. ಅಡುಗೆ ಸಿಲಿಂಡರಿಗೆ ಸೋರಿಕೆ ತಿಳಿಯಲೆಂದೇ ಘಾಟು ವಾಸನೆ ಬೆರೆಸುತ್ತಾರೆ. ಸ್ಪ್ರೇ ಡಬ್ಬಿಗೆ ವಾಸನೆ ತೆಗೆದ ಅನಿಲವನ್ನು ಬಳಸುವುದರಿಂದ ಸೋರಿದರೂ ಮೂಗಿಗೆ ತಿಳಿಯದಿರಬಹುದು. ಅದು ಗಾಳಿಗಿಂತ ಭಾರ. ಕಟಿಂಗ್ ಮೇಜಿನ ಅಡಿ, ನೂಲಿನ ಧೂಳು ಕೂಡುವ ಮೂಲೆಗಳಲ್ಲೇ ಹೋಗಿ ನಿಲ್ಲುತ್ತದೆ. ಒಂದು ಕಿಡಿ ಸಾಕು.

ಆದ್ದರಿಂದ ಮಾಲು ತಂದವನು ಎದುರಿಗಿರುವಾಗಲೇ ಎರಡು ಡಬ್ಬಿಗಳ ಚೀಟಿ ಕಿತ್ತು ನೋಡಿ. ಕಡ್ಡಾಯ ವಿವರಗಳನ್ನು ಬದಲಿಸಲು ಪೊಟ್ಟಣದ ಮೇಲೆ ಬಿಡಿ ಚೀಟಿ ಅಂಟಿಸುವಂತಿಲ್ಲ ಎಂದು 2011ರ ಪೊಟ್ಟಣ ಸರಕುಗಳ ನಿಯಮಗಳೇ ಹೇಳುತ್ತವೆ. ದೂರನ್ನು ತೂಕ, ಅಳತೆ, ಪೊಟ್ಟಣದ ಮೇಲಿನ ವಿವರಗಳನ್ನು ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬಹುದು, ನಾನು ಕೊಟ್ಟಿದ್ದೇನೆ. ಸುರಕ್ಷತಾ ಮಾಹಿತಿ ಹಾಳೆ ಮತ್ತು ಪಕ್ಕಾ ಬಿಲ್ ಇಲ್ಲದೆ ಒಂದು ಡಬ್ಬಿಯನ್ನೂ ಇಳಿಸಿಕೊಳ್ಳಬೇಡಿ. ಅಟ್ಟವಂತೂ ಬೇಡವೇ ಬೇಡ. ನೆಲದ ಮಟ್ಟದಲ್ಲಿ, ಗಾಳಿಯಾಡುವ ತಂಪು ಕೋಣೆಯಲ್ಲಿ, ಇಸ್ತ್ರಿ, ಬಾಯ್ಲರು, ಸ್ವಿಚ್ ಬೋರ್ಡುಗಳಿಂದ ದೂರ, ಕಬ್ಬಿಣದ ಕಪಾಟಿನಲ್ಲಿಡಿ, ಮೇಜಿಗೆ ಆ ದಿನಕ್ಕೆ ಬೇಕಾದಷ್ಟನ್ನೇ ತನ್ನಿ. ಬಿಸಿ ಇಸ್ತ್ರಿಯ ಹತ್ತಿರ ಹೊಡೆಯಬೇಡಿ. ಖಾಲಿ ಡಬ್ಬಿಗಳನ್ನು ಸುಡುವ ಚಿಂದಿಯೊಳಗೆ ಎಸೆಯಲು ಯಾರಿಗೂ ಬಿಡಬೇಡಿ.

ಅವನು ಈಗ ರಾಯಚೂರಿನ ಕಡೆಯ ಜಿನ್ನಿಂಗ್ ಮಿಲ್ಲುಗಳಿಗೆ ಇದೇ ಮಾಲು ತೋರಿಸುತ್ತಿದ್ದಾನೆ ಎಂದು ಪರಿಚಯದವರೊಬ್ಬರು ತಿಳಿಸಿದರು. ಅಲ್ಲಿನ ಶೆಡ್ಡುಗಳ ತುಂಬ ಹತ್ತಿ ಇರುತ್ತದೆ. ಆ ಕಡೆ ಯಾರಾದರೂ ನಿಮಗೆ ಗೊತ್ತಿದ್ದರೆ ಇದನ್ನು ಇವತ್ತೇ ಅವರಿಗೆ ತಲುಪಿಸಿ.